ಒಂದೇ ಅಳಿವೆ, ಇಡೀ ವರ್ಷ: ಅಘನಾಶಿನಿ ದಂಡೆಯಲ್ಲಿ ನೋಡುವ ಬಗೆ

ಉತ್ತರ ಕನ್ನಡದ ಕರಾವಳಿಗೆ ಬರುವವರ ಹತ್ತಿರ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಬೆಳಿಗ್ಗೆ ಮುರುಡೇಶ್ವರ, ಮಧ್ಯಾಹ್ನ ಮಿರ್ಜಾನ ಕೋಟೆ, ಸಂಜೆ ಗೋಕರ್ಣದ ಓಂ ಬೀಚು, ಮರುದಿನ ಯಾಣ. ಎಲ್ಲವೂ ಚೆಂದದ ಜಾಗಗಳೇ. ಆದರೆ ಎರಡು ದಿನದಲ್ಲಿ ಅರ್ಧ ಹೊತ್ತು ಕಾರಿನಲ್ಲೇ ಕಳೆದುಹೋಗುತ್ತದೆ. ಊರಿಗೆ ಮರಳಿದ ಮೇಲೆ ಮೊಬೈಲಿನಲ್ಲಿ ಫೋಟೋ ಇರುತ್ತವೆ, ಹೊಳೆ ಯಾವಾಗ ತುಂಬುತ್ತದೆ, ಯಾವಾಗ ಬರಿದಾಗುತ್ತದೆ ಅಂತ ಗೊತ್ತಿರುವುದಿಲ್ಲ.

ಇಲ್ಲಿ ಹೇಳುವುದು ಬೇರೆ ದಾರಿ. ಒಂದು ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ, ಹಿಡಿಯಿರಿ. ಅದರ ದಂಡೆಯ ಒಂದು ಊರಿನಲ್ಲಿ ಉಳಿಯಿರಿ. ನೀರಿನ ಹೊತ್ತು ನೋಡಿಕೊಂಡು ಓಡಾಡಿ. ಆಮೇಲೆ ಬೇರೆ ಋತುವಿನಲ್ಲಿ ಅದೇ ಊರಿಗೆ ಇನ್ನೊಮ್ಮೆ ಬನ್ನಿ. ಕರಾವಳಿಯ ಚೆಲುವು ಜಾಗದಲ್ಲಿರುವುದಕ್ಕಿಂತ ಹೊತ್ತಿನಲ್ಲಿದೆ. ಅದೇ ಕೆಸರುಬಯಲು ಬೆಳಿಗ್ಗೆ ಆರಕ್ಕೆ ಒಂದು ಲೋಕ, ಮಧ್ಯಾಹ್ನ ಹನ್ನೆರಡಕ್ಕೆ ಬರೀ ನೀರು.

1. ಊರು ಆರಿಸಿಕೊಳ್ಳಿ

ನನ್ನ ಆಯ್ಕೆ ಅಘನಾಶಿನಿ. ಶಿರಸಿ ಸೀಮೆಯಲ್ಲಿ ಹುಟ್ಟಿ, ಘಟ್ಟ ಇಳಿದು, ಕುಮಟಾ ತಾಲೂಕಿನಲ್ಲಿ ಕಡಲು ಸೇರುವ ಹೊಳೆ ಇದು. ಪಕ್ಕದ ಕಾಳಿಗೂ ಶರಾವತಿಗೂ ದೊಡ್ಡ ಅಣೆಕಟ್ಟುಗಳಿವೆ, ಇದಕ್ಕಿಲ್ಲ. ಹಾಗಾಗಿ ಸಿಹಿನೀರು, ಉಪ್ಪುನೀರು ಎರಡೂ ಇಲ್ಲಿ ತಮ್ಮದೇ ಲೆಕ್ಕದಲ್ಲಿ ಬಂದು ಸೇರುತ್ತವೆ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು.

ಉತ್ತರ ದಂಡೆಯಲ್ಲಿ ತದಡಿ, ಸಾಣಿಕಟ್ಟಾ, ಮಿರ್ಜಾನ ಇವೆ. ದಕ್ಷಿಣದಲ್ಲಿ ಅಘನಾಶಿನಿ ಊರು, ಕಾಗಾಲ, ಹೆಗಡೆ. ನಡುವೆ ಐಗಳಕುರ್ವೆಯಂತಹ ಕುರ್ವೆಗಳು, ಅಂದರೆ ನಾಲ್ಕೂ ಕಡೆ ಹೊಳೆಯಿರುವ ಊರುಗಳು. ದಕ್ಷಿಣ ದಂಡೆಗೆ ಹೋಗುವವರು ಕೊಂಕಣ ರೈಲಿನ ಕುಮಟಾ ನಿಲ್ದಾಣದಲ್ಲಿ ಇಳಿಯಬೇಕು, ಉತ್ತರಕ್ಕೆ ಗೋಕರ್ಣ ರೋಡ್ ಹತ್ತಿರ. ತದಡಿಯಿಂದ ಅಘನಾಶಿನಿ ಊರಿಗೆ ದೋಣಿ ಇದೆ. ರಸ್ತೆಯಲ್ಲಿ ಹೋದರೆ ಬಹಳ ದೂರ ಸುತ್ತಬೇಕು, ದೋಣಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ಆ ಸ್ವಲ್ಪ ಹೊತ್ತಿನಲ್ಲೇ ಅಳಿವೆಯ ಬಾಯಿ, ಎರಡೂ ಕಡೆಯ ಗುಡ್ಡ, ಮೀನಿಗೆ ಕಾಯುವ ಗರುಡ ಎಲ್ಲ ಕಾಣುತ್ತವೆ. ಕಾರು ಒಂದು ಕಡೆ ಬಿಟ್ಟು ದೋಣಿ ಹತ್ತಿ.

2. ಪಂಚಾಂಗ ನೋಡಿ, ಆಮೇಲೆ ಗಡಿಯಾರ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಹೆಚ್ಚಿನ ಪ್ರವಾಸಿಗರು ಇದನ್ನೇ ಬಿಟ್ಟುಬಿಡುತ್ತಾರೆ.

ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನ ಇದು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿ, ನವಮಿಗೆ ಏರಿಳಿತ ಎರಡೂ ಕಡಿಮೆ. ದಂಡೆಯ ಹೆಂಗಸರು ಬಳಚು, ಅಂದರೆ ಕೆಸರಿನ ಚಿಪ್ಪುಜೀವಿ, ಹೆಕ್ಕಲು ಹೊರಡುವುದು ಇದೇ ಲೆಕ್ಕದ ಮೇಲೆ. "ಅಕ್ಕಾ, ನೀರು ಯಾವಾಗ ಇಳೀತದೆ?" ಅಂತ ಕೇಳಿ ನೋಡಿ. "ಇವತ್ತು ನವಮಿ ಅಲ್ವಾ, ಅಷ್ಟೆಲ್ಲಾ ಇಳೂದಿಲ್ಲ" ಅನ್ನುವ ಉತ್ತರ ತಟ್ಟನೆ ಬರುತ್ತದೆ.

ನಿಮ್ಮ ಲೆಕ್ಕಕ್ಕೆ ಇಷ್ಟು ಸಾಕು. ಹುಣ್ಣಿಮೆ ಅಥವಾ ಅಮಾವಾಸ್ಯೆಯ ದಿನ ಹೆಚ್ಚುಕಡಿಮೆ ಮಧ್ಯಾಹ್ನದ ಹೊತ್ತಿಗೆ ನೀರು ತುಂಬಿರುತ್ತದೆ. ಬೆಳಗಾಗುವ ಹೊತ್ತಿಗೆ ಮತ್ತು ಸಂಜೆ ಇಳಿದಿರುತ್ತದೆ. ಅಲ್ಲಿಂದ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಕೂಡಿಸುತ್ತಾ ಹೋಗಿ. ಬಿದಿಗೆ, ತದಿಗೆಯ ಹೊತ್ತಿಗೆ ಬೆಳಗಿನ ಇಳಿತ ಏಳು, ಎಂಟು ಗಂಟೆಯ ಸುಮಾರಿಗೆ ಬರುತ್ತದೆ. ಕೆಸರುಬಯಲು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ದಿನಗಳಿಲ್ಲ. ನೀರು ಚೆನ್ನಾಗಿ ಇಳಿದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ.

ಹೊರಡುವ ಮುಂಚೆ ಮೊಬೈಲಿನಲ್ಲಿ ಕಾರವಾರದ ಉಬ್ಬರ ಇಳಿತದ ಪಟ್ಟಿ ನೋಡಿ ಖಾತ್ರಿ ಮಾಡಿಕೊಳ್ಳಿ. ದಿನದ ಎರಡು ಇಳಿತಗಳಲ್ಲಿ ಒಂದು ಜಾಸ್ತಿ, ಒಂದು ಕಡಿಮೆ ಇರುವುದೂ ಉಂಟು. ಅಳಿವೆಯ ಬಾಯಿಂದ ಒಳಗೆ ಹೋದಷ್ಟೂ ಹೊತ್ತು ತಡವಾಗುತ್ತದೆ. ಪಟ್ಟಿಯಲ್ಲಿರುವ ಇಳಿತಕ್ಕಿಂತ ಒಂದೂವರೆ ಗಂಟೆ ಮೊದಲು ದಂಡೆಯಲ್ಲಿರಿ. ನೀರು ತಿರುಗಿತು ಅಂತ ಕಂಡ ಕೂಡಲೇ ಮೇಲೆ ಬನ್ನಿ.

ಸುಮ್ನೆ ದೋಣಿಯಲ್ಲಿ ತಿರುಗಾಡಬೇಕು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರುದಾರಿಗಳಲ್ಲಿ ಹೋಗಬೇಕು ಅಂದರೆ ಲೆಕ್ಕ ಉಲ್ಟಾ. ನೀರು ತುಂಬಿದ ಹೊತ್ತೇ ಬೇಕು.

3. ಕೆಸರಿನ ಅಂಚಿನಲ್ಲಿ ಕೂತು ನೋಡಿ

ಇಳಿದ ನೀರಿನ ಬಯಲಿಗೆ ಬಂದ ಕೂಡಲೇ ನಡೆಯಲು ಶುರು ಮಾಡಬೇಡಿ. ಮೊದಲ ಹತ್ತು ನಿಮಿಷ ಕೂತಿರಿ. ನೀವು ಬಂದಾಗ ಅಲ್ಲಿರುವ ಜೀವಗಳೆಲ್ಲ ಬಿಲ ಸೇರಿರುತ್ತವೆ. ನೀವು ಅಲುಗಾಡದೆ ಕೂತರೆ ಒಂದೊಂದೇ ಹೊರಗೆ ಬರುತ್ತವೆ.

ಮೊದಲು ಕಾಣುವುದು ಪುಟ್ಟ ಏಡಿಗಳು. ಒಂದು ಜಾತಿಯ ಗಂಡಿಗೆ ಒಂದೇ ಕೊಂಬು, ಅಂದರೆ ಇಕ್ಕುಳದಂತಹ ಕೈ, ಭಾರೀ ದೊಡ್ಡದು, ಹೆಚ್ಚುಕಡಿಮೆ ಮೈಯಷ್ಟೇ. ಅದನ್ನು ಎತ್ತಿ ಎತ್ತಿ ಬೀಸುತ್ತದೆ. ಹೆಣ್ಣನ್ನು ಕರೆಯುವುದಕ್ಕೂ ಅದೇ, ಪಕ್ಕದ ಬಿಲದ ಗಂಡನ್ನು ಹೆದರಿಸುವುದಕ್ಕೂ ಅದೇ. ಊಟಕ್ಕೆ ಬಳಸುವುದು ಇನ್ನೊಂದು ಚಿಕ್ಕ ಕೊಂಬನ್ನು ಮಾತ್ರ. ಚಿಕ್ಕ ಕೊಂಬಿನಿಂದ ಕೆಸರು ಎತ್ತಿ ಬಾಯಿಗೆ ಹಾಕುವುದು, ತಿನ್ನಲು ಬರುವುದನ್ನು ಇಟ್ಟುಕೊಂಡು ಉಳಿದದ್ದನ್ನು ಉಗುಳುವುದು. ಹೆಣ್ಣಿಗೆ ಎರಡೂ ಚಿಕ್ಕವೇ, ಹಾಗಾಗಿ ಎರಡೂ ಕೈಯಲ್ಲಿ ಊಟ.

ಮರಳು ಇರುವ ಕಡೆ ಇನ್ನೊಂದು ಚೋದ್ಯ ಇದೆ. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಮರಳುಂಡೆಗಳು ಬಿಲದ ಸುತ್ತ ಸಾಲುಸಾಲಾಗಿ ಹರಡಿರುತ್ತವೆ, ರಂಗೋಲಿ ಇಟ್ಟ ಹಾಗೆ. ಮರಳನ್ನು ಸೋಸಿ ತಿಂದ ಏಡಿ ಬಿಟ್ಟುಹೋದ ಉಂಡೆಗಳು ಅವು. ಪ್ರತಿ ಉಬ್ಬರಕ್ಕೆ ಅಳಿಸಿಹೋಗಿ, ಪ್ರತಿ ಇಳಿತಕ್ಕೆ ಹೊಸದಾಗಿ ಹುಟ್ಟುತ್ತವೆ. ನೋಡುತ್ತಾ ಕೂತರೆ ಒಂದು ಏಡಿ ಒಂದು ಸಾಲು ಮುಗಿಸಿ ಬಿಲಕ್ಕೆ ಮರಳಿ, ಪಕ್ಕದಲ್ಲೇ ಇನ್ನೊಂದು ಸಾಲು ಶುರು ಮಾಡುವುದು ಕಾಣುತ್ತದೆ. ಬಿಲಕ್ಕೆ ಹೋಗುವ ದಾರಿಯನ್ನು ಮಾತ್ರ ಉಂಡೆಗಳಿಲ್ಲದೆ ಖಾಲಿ ಇಟ್ಟುಕೊಂಡಿರುತ್ತದೆ.

ಆಮೇಲೆ ಕಾಂಡ್ಲಾ. ಎಲ್ಲ ಕಾಂಡ್ಲಾ ಒಂದೇ ಅಲ್ಲ. ಒಂದು ಜಾತಿ ಕಾಂಡದಿಂದ ಬಿಲ್ಲಿನಂತಹ ಬೇರು ಇಳಿಬಿಟ್ಟು ನಿಂತಿರುತ್ತದೆ. ಇನ್ನೊಂದರ ಬುಡದ ಸುತ್ತ ಕೆಸರಿನಿಂದ ಬೆರಳಿನ ಹಾಗೆ ಬೇರುಗಳು ಮೇಲಕ್ಕೆ ಎದ್ದಿರುತ್ತವೆ. ಕೆಸರಿನೊಳಗೆ ಗಾಳಿ ಸಿಗದ್ದರಿಂದ ಉಸಿರಾಟಕ್ಕೆ ಅವು. ಈ ಎರಡನೆಯ ಜಾತಿಯ ಎಲೆಯನ್ನು ನಾಲಿಗೆಗೆ ತಾಗಿಸಿ ನೋಡಿ. ಉಪ್ಪು! ಬೇರು ಹೀರಿದ ಉಪ್ಪನ್ನು ಗಿಡ ಎಲೆಯಿಂದ ಹೊರಗೆ ಹಾಕುತ್ತದೆ. ಬಿಸಿಲಿನ ದಿನ ಹರಳುಗಳು ಕಣ್ಣಿಗೂ ಕಾಣುತ್ತವೆ. ಬಿಲ್ಲುಬೇರಿನ ಜಾತಿಯಲ್ಲಿ ನೋಡಬೇಕಾದ್ದು ಕೋಡು. ಬೀಜ ಮರದಲ್ಲಿರುವಾಗಲೇ ಮೊಳೆತು ಉದ್ದನೆಯ ಹಸಿರು ಕೋಡಾಗಿ ನೇತಾಡುತ್ತದೆ. ಬಲಿತ ಮೇಲೆ ಕಳಚಿ ಬಿದ್ದು ಕೆಸರಿಗೆ ನೆಟ್ಟುಕೊಳ್ಳುತ್ತದೆ, ಇಲ್ಲವೇ ತೇಲುತ್ತಾ ಬೇರೆ ದಂಡೆ ಸೇರುತ್ತದೆ.

ಕೆಸರಿಗೆ ಇಳಿಯುವುದಿದ್ದರೆ ಊರಿನವರೊಬ್ಬರ ಜೊತೆಗೇ ಇಳಿಯಿರಿ. ಕೆಲವು ಕಡೆ ಮೊಣಕಾಲಿನ ತನಕ ಹೂತುಹೋಗುತ್ತದೆ. ಹವಾಯಿ ಚಪ್ಪಲಿ ಅಲ್ಲೇ ಉಳಿದುಬಿಡುತ್ತದೆ. ಬರಿಗಾಲಲ್ಲಿ ಹೋದರೆ ಕಲ್ಲಿಗೆ ಅಂಟಿದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಒಳ್ಳೆಯದು.

ಇಷ್ಟು ನಡೆಯಲು ಆಗದ ಹಿರಿಯರು, ಚಿಕ್ಕ ಮಕ್ಕಳು ಜೊತೆಯಲ್ಲಿದ್ದರೆ ಹೊನ್ನಾವರಕ್ಕೆ ಕರೆದುಕೊಂಡು ಹೋಗಿ. ಶರಾವತಿ ಹಿನ್ನೀರಿನ ಕಾಂಡ್ಲಾ ವನದೊಳಗೆ ಅರಣ್ಯ ಇಲಾಖೆ ಮರದ ಕಾಲುದಾರಿ ಮಾಡಿದೆ. ಕಾಲು ಒದ್ದೆಯಾಗದೆ ಇದೆಲ್ಲ ಕಾಣುತ್ತದೆ.

4. ಯಾವಾಗ ಬಂದರೆ ಏನು

ನಮ್ಮ ವರ್ಷ ಶುರುವಾಗುವುದು ಮಳೆಯಿಂದ. ಜೂನ್ 7, 8ರ ಹೊತ್ತಿಗೆ ಮೃಗಶಿರಾ, ಅಲ್ಲಿಂದ ಎರಡೆರಡು ವಾರಕ್ಕೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ, ಮೀನು ಮರಿ ಮಾಡುವ ಕಾಲ. ತದಡಿ ಬಂದರಿನಲ್ಲಿ ಬೋಟುಗಳೆಲ್ಲ ಸಾಲಾಗಿ ಕಟ್ಟಿಕೊಂಡಿರುತ್ತವೆ. ಹೊಳೆ ಕೆಂಪಾಗುತ್ತದೆ. ರಾತ್ರಿ ಕಡಲಿನ ಮೊರೆತ ಮನೆಯೊಳಗೆ ಮಲಗಿದವರಿಗೂ ಕೇಳುತ್ತದೆ. ಈ ಕಾಲದಲ್ಲಿ ಬರುವವರಿಗೆ ಒಂದೇ ಮಾತು: ತಿರುಗಾಟದ ಆಸೆ ಬಿಡಿ. ಒಂದು ಜಗಲಿ, ಒಂದು ಕೊಡೆ, ಬಿಸಿ ಗಂಜಿ ಸಾಕು. ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ಹೊರಗೆ ಹೋಗಿ ಬನ್ನಿ. ಮಿರ್ಜಾನ ಕೋಟೆಯ ಚಿರೇಕಲ್ಲು ಗೋಡೆಗಳು ಆಗ ಪೂರ್ತಿ ಹಸಿರು.

ಗಜನಿ ಗದ್ದೆ ನೋಡಲು ಎರಡು ಸಲ ಬರಬೇಕು. ಉಪ್ಪುನೀರು ಒಳಗೆ ಬರುವ ಗದ್ದೆಗಳಿವು. ಹೊಳೆಗೂ ಗದ್ದೆಗೂ ನಡುವೆ ಕಟ್ಟೆ, ಕಟ್ಟೆಗೆ ಹಲಗೆಯ ಬಾಗಿಲು. ಮೊದಲ ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪು ತಡೆಯುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಬದುಕುವ ತಳಿ. ಗೊಬ್ಬರ ಹಾಕುವುದಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಕೊಯ್ಲು. ನಿಂತ ನೀರಿನಲ್ಲೇ ಇಳಿದು ತೆನೆ ಮಾತ್ರ ಕೊಯ್ಯುತ್ತಾರೆ, ಹುಲ್ಲು ಅಲ್ಲೇ ಉಳಿಯುತ್ತದೆ. ಆ ಹುಲ್ಲು ಕೊಳೆತು ಸಿಗಡಿಗೆ, ಮೀನಿಗೆ ಆಹಾರ. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆ ಸಿಗಡಿ ಕೆರೆ. ಒಂದೇ ಜಾಗದಿಂದ ಅನ್ನವೂ ಪಲ್ಯವೂ ಬರುವ ಇಂತಹ ಜಾಣತನ ಬೇರೆಲ್ಲೂ ನೋಡಿಲ್ಲ. ಈಗ ಬಹಳ ಕಡೆ ಬಿತ್ತನೆಯೇ ನಿಂತಿದೆ, ಕಟ್ಟೆ ಒಡೆದಿದೆ. ಬಿತ್ತುವ ಊರು ಉಳಿದಿರುವಾಗಲೇ ನೋಡಿ. ಮಾಣಿಕಟ್ಟಾ ಕಡೆ ಕೇಳಿ.

ಶ್ರಾವಣದ ನೂಲು ಹುಣ್ಣಿಮೆಗೆ ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಮುಂದಿನದು ಚೌತಿ. ಚೌತಿಯ ಹಿಂದಿನ ದಿನ ಕುಮಟಾ ಅಥವಾ ಅಂಕೋಲಾ ಪೇಟೆಗೆ ತಪ್ಪದೆ ಹೋಗಿ. ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಬೇಕಾದ ಕಾಡಿನ ಕಾಯಿ, ಹೂ ಎಲ್ಲ ರಸ್ತೆ ಬದಿಗೆ ಬಂದಿರುತ್ತವೆ. ಕೆಂಪು ಹಳದಿ ಬೆಂಕಿಯ ನಾಲಿಗೆಯಂತಹ ಗೌರಿ ಹೂ, ಅಂಬಟೆಕಾಯಿ, ಅಡಿಕೆಯ ಸಿಂಗಾರ, ಮೊಗೆಕಾಯಿ, ಹೆಸರು ಕೇಳಿಯೇ ತಿಳಿಯಬೇಕಾದ ಎಷ್ಟೋ ಕಾಯಿಗಳು. ಆ ತಿಂಗಳು ಕಾಡಿನಲ್ಲಿ ಏನಿದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಾರುವವರನ್ನು ಒಂದೊಂದರ ಹೆಸರು ಕೇಳಿ, ಬರೆದುಕೊಳ್ಳಿ. ಒಂದು ಎಚ್ಚರ: ಗೌರಿ ಹೂವಿನ ಗಿಡದ ಗೆಡ್ಡೆ ಕಡು ವಿಷ. ನೋಡಿ, ಕಿತ್ತು ಆಟ ಆಡಬೇಡಿ.

ಅಕ್ಟೋಬರಿನಿಂದ ಮಾರ್ಚ್ ತನಕ ವಲಸೆ ಹಕ್ಕಿಗಳ ಕಾಲ. ಗೊರವಗಳು, ಕಡಲಕ್ಕಿಗಳು ಇಳಿದ ನೀರಿನ ಅಂಚಿನಲ್ಲಿ ತುಂಬಿರುತ್ತವೆ. ಬೈನಾಕ್ಯುಲರ್ ಇದ್ದರೆ ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಹೋಗಿ, ಬೆಳಿಗ್ಗೆ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಹೊಳೆಯ ಮೇಲೆ ಮಂಜು ಕೂತಿರುತ್ತದೆ. ಬಳಚು ಹೆಕ್ಕುವವರು ಸೊಂಟದ ತನಕ ನೀರಿನಲ್ಲಿ ನಿಂತು ಕಾಲಲ್ಲಿ ತಡಕಿ ಎತ್ತುವುದೂ ಆಗ ಕಾಣುತ್ತದೆ. ಇದೇ ಕಾಲದಲ್ಲಿ ಕಾರವಾರಕ್ಕೂ ಒಂದು ದಿನ ಇಟ್ಟುಕೊಳ್ಳಬಹುದು. ಕಾಳಿ ಅಳಿವೆ, ದೇವಬಾಗ, ಕೂರ್ಮಗಡದ ಸುತ್ತಿನ ನೀರಿನಲ್ಲಿ ಡಾಲ್ಫಿನ್ ಕಾಣುವುದು ಸಾಮಾನ್ಯ. ಪುಷ್ಯ ಹುಣ್ಣಿಮೆಗೆ ಕೂರ್ಮಗಡದ ನರಸಿಂಹನ ಜಾತ್ರೆ, ದೋಣಿಯಲ್ಲೇ ಹೋಗಬೇಕು. ಬಾಳೆಗೊನೆ ಹೊತ್ತ ಜನ ದೋಣಿ ಹತ್ತುವುದೇ ಒಂದು ನೋಟ.

ಚಳಿಗಾಲದಿಂದ ಬೇಸಿಗೆಯ ತನಕ ಕಡಲಾಮೆಗಳು ಮೊಟ್ಟೆ ಇಡಲು ನಮ್ಮ ದಂಡೆಗೆ ಬರುತ್ತವೆ, ಕಾರವಾರ, ಹೊನ್ನಾವರದ ಕಡೆ ಹೆಚ್ಚು. ಬಲೆ ಕಟ್ಟಿದ ಗೂಡು ಕಂಡರೆ ಅದು ಅರಣ್ಯ ಇಲಾಖೆಯವರು ಕಾಯುತ್ತಿರುವುದು. ಮರಿ ಹೊರಬರಲು ಸುಮಾರು 45ರಿಂದ 60 ದಿನ. ರಾತ್ರಿ ದಂಡೆಯಲ್ಲಿ ಬೆಂಕಿ ಹಾಕಬೇಡಿ, ಟಾರ್ಚ್ ಬೀಸಬೇಡಿ, ಜೀಪು ಓಡಿಸಬೇಡಿ. ಬೆಳಕಿಗೆ ಮರಿಗಳು ದಾರಿ ತಪ್ಪಿ ಕಡಲಿನ ಬದಲು ರಸ್ತೆಯ ಕಡೆ ಹೋಗುತ್ತವೆ. ಮರಿ ಬಿಡುವುದನ್ನು ನೋಡುವ ಆಸೆ ಇದ್ದರೆ ಇಲಾಖೆಯವರನ್ನೇ ಕೇಳಿ, ದೂರ ನಿಂತು ನೋಡಿ.

ಫಾಲ್ಗುಣದಲ್ಲಿ, ಹೋಳಿ ಹುಣ್ಣಿಮೆಯ ಮುಂಚಿನ ದಿನಗಳಲ್ಲಿ, ಅಂಕೋಲಾ, ಕುಮಟಾ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ. ಬಣ್ಣಬಣ್ಣದ ತುರಾಯಿ ಹೊತ್ತು ಮನೆಮನೆಗೆ ಬಂದು ಕುಣಿಯುತ್ತಾರೆ. ಅದು ಅವರ ಹಬ್ಬ, ಪ್ರದರ್ಶನ ಅಲ್ಲ. ಫೋಟೋಗೆ ಕೇಳಿ, ನಡುವೆ ನುಗ್ಗಬೇಡಿ.

ಬೇಸಿಗೆ ಅಂದರೆ ಸೆಕೆ. ಹನ್ನೊಂದರಿಂದ ನಾಲ್ಕರ ತನಕ ಹೊರಗೆ ತಿರುಗಬೇಡಿ. ಆದರೆ ತಿನ್ನುವುದಕ್ಕೆ ಇದೇ ಕಾಲ, ಅದಕ್ಕೆ ಮುಂದಿನ ಹೆಜ್ಜೆ.

5. ಕೊಳ್ಳಿ, ತಿನ್ನಿ, ಮಾತಾಡಿ

ಮಾರ್ಚಿನಿಂದ ಹೆದ್ದಾರಿ 66ರಲ್ಲಿ ಕುಮಟಾ ಸಮೀಪ ಅಳ್ವೆಕೋಡಿ, ಹಂದಿಗೋಣದ ಹತ್ತಿರ ಸಿಹಿ ಈರುಳ್ಳಿಯ ಗೊಂಚಲುಗಳು ನೇತಾಡುತ್ತವೆ. ಎಲೆಯನ್ನು ಜಡೆ ಹೆಣೆದು ಕಟ್ಟಿರುತ್ತಾರೆ. ಮನೆಯಲ್ಲೂ ಹಾಗೇ ಗಾಳಿಯಾಡುವ ಕಡೆ ತೂಗುಹಾಕಿ, ಚೀಲದಲ್ಲಿ ತುಂಬಿದರೆ ಕೊಳೆಯುತ್ತದೆ. ಸಾಣಿಕಟ್ಟಾದಲ್ಲಿ ಬಿಸಿಲಿಗೆ ಉಪ್ಪು ಹರಳುಗಟ್ಟುವುದನ್ನು ನೋಡಿ ಒಂದು ಚೀಲ ಕೊಂಡುಕೊಳ್ಳಿ. ಉಪ್ಪಿನಕಾಯಿಗೆ ಈ ಕಲ್ಲುಪ್ಪೇ ಆಗಬೇಕು ಅನ್ನುವವರು ನಮ್ಮಲ್ಲಿ ಬಹಳ. ಉಪ್ಪಿನಕಾಯಿಯ ಎಳೆ ಮಾವು ಅಪ್ಪೆಮಿಡಿಯೂ ಇದೇ ಕಾಲದಲ್ಲಿ ಘಟ್ಟದಿಂದ ಇಳಿಯುತ್ತದೆ. ತೊಟ್ಟು ಇರುವ ಮಿಡಿ ನೋಡಿ ತಗೊಳ್ಳಿ. ತೊಟ್ಟು ಮುರಿದು ಸೊನೆಯ ಪರಿಮಳ ನೋಡಿ. ಕೊಂಬೆ ಸಮೇತ ಕಡಿದು ತಂದ ಮಿಡಿ ಮಾತ್ರ ಬೇಡ. ಹೊಳೆದಂಡೆಯ ಹಳೆಯ ಮರಗಳು ಹಾಗೆಯೇ ಸಾಯುತ್ತಿವೆ.

ಏಪ್ರಿಲ್, ಮೇ ತಿಂಗಳಲ್ಲಿ ಮುರುಗಲು (ಕೋಕಂ) ಹಣ್ಣು, ಅಂಕೋಲಾದ ಕರಿ ಇಶಾಡು ಮಾವು. ಇಶಾಡಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸಿಪ್ಪೆ ತೆಳು, ಘಮ ಗಾಢ, ಹೆಚ್ಚು ದಿನ ಇಡಲು ಆಗದು. ಬಸ್ಸಿನಲ್ಲಿ ಹೊತ್ತು ಒಯ್ಯುವ ಬದಲು ಅಲ್ಲೇ ಮರದ ಕೆಳಗೆ ಕೂತು ತಿನ್ನಿ.

ಬೆಲೆ ಚೌಕಾಸಿ ಮಾಡಬೇಡಿ ಅಂತ ನನ್ನ ಕೋರಿಕೆ. ಬುಟ್ಟಿ ಹೊತ್ತು ಬಂದ ಹೆಂಗಸಿನ ಹತ್ತಿರ ಹತ್ತು ರೂಪಾಯಿ ಉಳಿಸಿ ಏನೂ ಸಿಗುವುದಿಲ್ಲ. ಎರಡು ಮಾತಾಡಿದರೆ ಯಾವ ತೋಡಿನಲ್ಲಿ ಏಡಿ ಸಿಗುತ್ತದೆ, ಯಾವ ಮರ ಈಗ ಹೂ ಬಿಟ್ಟಿದೆ ಅಂತೆಲ್ಲ ಗೊತ್ತಾಗುತ್ತದೆ. ಬಳಚು ಹೆಕ್ಕುವ ಜಾಗದಲ್ಲಿ ನೀವೂ ಹೆಕ್ಕಲು ಇಳಿಯಬೇಡಿ, ಅದು ಅವರ ದಿನದ ದುಡಿಮೆ. ಮರಿ ಬಳಚನ್ನು ಮಾರಲು ತಂದಿದ್ದರೆ ಕೊಳ್ಳಬೇಡಿ.

6. ಜಾಗ್ರತೆ

ಮಳೆಗಾಲದಲ್ಲಿ ಕಡಲಿಗೆ ಇಳಿಯಲೇಬಾರದು. ಉಳಿದ ಕಾಲದಲ್ಲೂ ಗೋಕರ್ಣದ ಕಡೆಯ ದಂಡೆಗಳಲ್ಲಿ ಒಳಸೆಳೆತ ಇದೆ, ಜೀವರಕ್ಷಕರು ಬೇಡ ಅಂದರೆ ಬೇಡ. ಒಳಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆ ನೇರ ಈಜಲು ಒದ್ದಾಡಬೇಡಿ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬನ್ನಿ. ಅಳಿವೆಯ ಬಾಯಿಯಲ್ಲಿ ಇಳಿತದ ಹೊತ್ತು ಸೆಳೆತ ಜಾಸ್ತಿ. ಅಲ್ಲಿ ಮೊಣಕಾಲು ನೀರೂ ಅಪಾಯ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ, ಚಹಾದಂಗಡಿ, ಲಾರಿಗಳು ಗಂಗಾವಳಿಯ ಪಾಲಾದವು, ಜೀವಗಳು ಹೋದವು. ಜೋರು ಮಳೆಯ ದಿನ ಗುಡ್ಡ ಕಡಿದ ರಸ್ತೆಯ ಪಕ್ಕ ವಾಹನ ನಿಲ್ಲಿಸಬೇಡಿ. ದೇವಿಮನೆ ಘಟ್ಟ, ಅರಬೈಲ್ ಘಟ್ಟ ಹತ್ತುವ ಮುಂಚೆ ರಸ್ತೆ ತೆರೆದಿದೆಯಾ ಅಂತ ವಿಚಾರಿಸಿ. ಜಲಪಾತಗಳಿಗೆ ಜುಲೈಗಿಂತ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ಸಿದ್ದಾಪುರ ಹತ್ತಿರದ ಉಂಚಳ್ಳಿಯಲ್ಲಿ ಇದೇ ಅಘನಾಶಿನಿ 116 ಮೀಟರ್ ಎತ್ತರದಿಂದ ಬೀಳುತ್ತದೆ. ಜೋರು ಮಳೆಯಲ್ಲಿ ಹೋದವರಿಗೆ ಸದ್ದು ಮಾತ್ರ ಕೇಳುತ್ತದೆ, ಮಂಜಿನಲ್ಲಿ ಏನೂ ಕಾಣುವುದಿಲ್ಲ.

ಕಾಡಿನ ದಾರಿಯಲ್ಲಿ ಮಳೆಗಾಲಕ್ಕೆ ಉಂಬಳ (ಜಿಗಣೆ) ಹತ್ತುತ್ತವೆ. ಉಪ್ಪು ತಾಗಿಸಿದರೆ ಬಿಡುತ್ತವೆ, ಹೆದರುವಂಥದ್ದೇನಿಲ್ಲ. ಉಣುಗು (ಉಣ್ಣೆ) ಹಾಗಲ್ಲ. ಡಿಸೆಂಬರಿನಿಂದ ಮೇ ತನಕ ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುತ್ತದೆ, ಹರಡುವುದು ಉಣುಗಿನಿಂದ. ಉದ್ದ ತೋಳಿನ ಅಂಗಿ ಹಾಕಿ, ಕೈಕಾಲಿಗೆ ಉಣುಗು ತಡೆಯುವ ಎಣ್ಣೆ ಹಚ್ಚಿ, ಒಣ ಎಲೆಯ ಮೇಲೆ ಕೂರಬೇಡಿ. ಮನೆಗೆ ಬಂದು ಬಿಸಿನೀರಿನಲ್ಲಿ ಮೀಯಿರಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡು ಸುತ್ತಿ ಬಂದ ವಾರದೊಳಗೆ ಜೋರು ಜ್ವರ ಬಂದರೆ ಡಾಕ್ಟರಿಗೆ ನೀವು ಎಲ್ಲೆಲ್ಲಿ ಹೋಗಿದ್ದಿರಿ ಅಂತ ಮೊದಲೇ ಹೇಳಿ.

ದೋಣಿಯಲ್ಲಿ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಸಂಜೆ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆ ಹೋಗುವಾಗಲೇ ವಿಚಾರಿಸಿಟ್ಟುಕೊಳ್ಳಿ, ಗಾಳಿಮಳೆ ಜೋರಾದರೆ ಅದೂ ನಿಲ್ಲುತ್ತದೆ.